ಮೀನು ಕೊಬ್ಬುತ್ತಿವೆ, ಗಿಡ ಸೊರಗುತ್ತಿವೆ: ಹಿತ್ತಲ ಕೊಳದ ಗಿಡದ ಫಿಲ್ಟರಿನಲ್ಲಿ ದೋಷ ಹುಡುಕುವ ಬಗೆ

ಕೊಳದ ನೀರನ್ನು ಜಲ್ಲಿ, ಗಿಡದ ಬೇರುಗಳ ನಡುವೆ ಹಾಯಿಸಿ ತಿಳಿಯಾಗಿಸುವ ಗಿಡದ ಫಿಲ್ಟರ್ ಕಟ್ಟಿ ಮೂರು ತಿಂಗಳಾದ ಮೇಲೆ ನಮ್ಮ ಹಿತ್ತಲಿನ ಸ್ಥಿತಿ ಹೀಗಿತ್ತು: ಕೊಳದ ನೀರು ತಳ ಕಾಣುವಷ್ಟು ತಿಳಿ, ಮೀನುಗಳು ದುಂಡುದುಂಡಗೆ, ಜಲ್ಲಿಯಲ್ಲಿ ನೆಟ್ಟ ಗಿಡಗಳು ಮಾತ್ರ ಕಾಮಾಲೆ ಬಂದವರ ಹಾಗೆ. ಮೀನಿನ ಹೊಲಸೇ ಗೊಬ್ಬರ, ಗಿಡ ತಾನಾಗಿ ಹುಲುಸಾಗಿ ಬೆಳೆಯುತ್ತದೆ ಅಂತ ಎಲ್ಲರೂ ಹೇಳಿದ್ದರು. ಗಿಡಗಳಿಗೆ ಆ ಮಾತು ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ.

ಗಿಡ ತಂದ ನರ್ಸರಿಯಲ್ಲೇ ಹೋಗಿ ಕೇಳಿದೆ. "ಒಂದು ಹಿಡಿ ಯೂರಿಯಾ ಹಾಕ್ಬಿಡಿ ಸಾರ್, ಎಂಟು ದಿನಕ್ಕೆ ಹಸಿರಾಗುತ್ತೆ" ಅಂದರು. ಹಾಕದೆ ಇದ್ದದ್ದು ನನ್ನ ಪುಣ್ಯ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಮೊದಲು ನಮ್ಮ ಏರ್ಪಾಡು ಹೇಳಿಬಿಡುತ್ತೇನೆ. ಊರು ಮೈಸೂರು. ಕೊಳ 10 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಆಳ; ಸುಮಾರು 2,800 ಲೀಟರ್. ಅದರ ಪಕ್ಕದಲ್ಲಿ ಸ್ವಲ್ಪ ಎತ್ತರಕ್ಕೆ 5 ಅಡಿಗೆ 3 ಅಡಿಯ ತೊಟ್ಟಿ. ತೊಟ್ಟಿಯ ತಳದಲ್ಲಿ ತೂತು ಕೊರೆದ ಪಿವಿಸಿ ಪೈಪು, ಅದರ ಮೇಲೆ 20 ಮಿ.ಮೀ. ಜಲ್ಲಿ, ಅದರ ಮೇಲೆ ಬೇಬಿ ಜಲ್ಲಿ, ಒಟ್ಟು ಒಂದಡಿ. ಕೊಳದ ತಳದಿಂದ ಪಂಪು ನೀರನ್ನು ಆ ಪೈಪಿಗೆ ತಳ್ಳುತ್ತದೆ, ನೀರು ಜಲ್ಲಿಯ ಸಂದಿಯಿಂದ ಮೇಲೇರಿ ತುಳುಕಿ ಮತ್ತೆ ಕೊಳಕ್ಕೆ ಬೀಳುತ್ತದೆ. ಮಣ್ಣು ಇಲ್ಲವೇ ಇಲ್ಲ. ನೆಟ್ಟದ್ದು ಕಾಬಾಳೆ (ನರ್ಸರಿಯವರು ಕ್ಯಾನಾ ಅನ್ನುತ್ತಾರೆ), ಕೆಸು, ಬಜೆ, ಒಂದೆಲಗ, ಒಂದು ಬುಡ ಲಾವಂಚ. ನಿಮ್ಮದು ಅಳತೆಯಲ್ಲಿ ಬೇರೆ ಇರಬಹುದು, ಕೆಲಸ ಮಾಡುವ ರೀತಿ ಇದೇ ಆಗಿದ್ದರೆ ಕೆಳಗಿನದು ಅನ್ವಯಿಸುತ್ತದೆ.

ಒಂದು ಮಾತು. ಗಿಡ ಹಳದಿಯಾದ ಕೂಡಲೇ ಏನಾದರೂ ಹಾಕಬೇಕು ಅಂತ ಕೈ ತುರಿಸುತ್ತದೆ. ತಡೆದುಕೊಳ್ಳಿ. ಹೊಲದಲ್ಲಿ ತಪ್ಪು ಗೊಬ್ಬರ ಹಾಕಿದರೆ ದುಡ್ಡು ದಂಡ, ಕೊಳದಲ್ಲಿ ಮೀನೇ ದಂಡ.

ಮೊದಲು ಒಂದು ಗಿಡ ಕಿತ್ತು ಮೂಸಿ

ಎಲೆ ನೋಡುವ ಮೊದಲು ಬೇರು ನೋಡಬೇಕು. ತೀರಾ ಸೊರಗಿದ ಒಂದು ಗಿಡವನ್ನು ಜಲ್ಲಿ ಸಡಿಲಿಸಿ ಮೆಲ್ಲಗೆ ಎತ್ತಿ. ಬೇರು ಬೆಳ್ಳಗೋ ಕೆನೆಬಣ್ಣಕ್ಕೋ ಇದ್ದು ಗಟ್ಟಿಯಾಗಿದ್ದರೆ ಬೇರಿನ ತಂಟೆಯಿಲ್ಲ, ಮುಂದಿನ ಹಂತಕ್ಕೆ ಹೋಗಿ. ಕಪ್ಪಾಗಿ, ಲೋಳೆಯಾಗಿ, ಎರಡು ಬೆರಳಲ್ಲಿ ಎಳೆದರೆ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಉಳಿಯುತ್ತಿದ್ದರೆ ಬೇರು ಉಸಿರುಕಟ್ಟಿ ಸತ್ತಿದೆ. ಕೊಳೆತ ಮೊಟ್ಟೆಯ ವಾಸನೆ ಬಂದರಂತೂ ಸಂಶಯವೇ ಬೇಡ: ಜಲ್ಲಿಯೊಳಗೆ ಆಮ್ಲಜನಕ ಮುಗಿದು ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತಿದೆ.

ಇದಕ್ಕೆ ನಾನು ಕಂಡ ಕಾರಣಗಳಲ್ಲಿ ತೀರಾ ಸಾಮಾನ್ಯವಾದದ್ದು ನರ್ಸರಿ ಚೀಲದ ಮಣ್ಣು. ಗಿಡವನ್ನು ಕಪ್ಪು ಪ್ಲಾಸ್ಟಿಕ್ ಚೀಲದಿಂದ ತೆಗೆದು, ಬೇರಿನ ಸುತ್ತಲಿನ ಕೆಂಪು ಮಣ್ಣಿನ ಉಂಡೆಯ ಸಮೇತ ಜಲ್ಲಿಯಲ್ಲಿ ಹೂತುಬಿಡುತ್ತೇವೆ. ನೀರು ಸುಲಭದ ದಾರಿ ಹಿಡಿದು ಉಂಡೆಯ ಸುತ್ತ ಹರಿದು ಹೋಗುತ್ತದೆ, ಉಂಡೆಯ ಒಳಗೆ ಹೋಗುವುದಿಲ್ಲ. ಒಳಗಿನ ಮಣ್ಣು ಕೊಳೆಯುತ್ತದೆ, ಬೇರೂ ಜೊತೆಗೆ. ನೆಡುವ ಮುಂಚೆ ಬಕೆಟ್ ನೀರಿನಲ್ಲಿ ಅಲ್ಲಾಡಿಸಿ ಬೇರನ್ನು ಬರಿದಾಗುವಷ್ಟು ತೊಳೆಯಬೇಕು. ಕೋಕೋಪೀಟ್ ಆದರೂ ಅಷ್ಟೇ. ನಮ್ಮ ಅತ್ತೆ "ಬಜೆಗೆ ಕೆಸರು ಬೇಕಪ್ಪ, ಬರೀ ಕಲ್ಲಲ್ಲಿ ಹೇಗೆ ಬದುಕುತ್ತೆ" ಅಂತ ಎರಡು ಬೊಗಸೆ ಕೆರೆಮಣ್ಣು ಹಾಕಿಸಿದ್ದರು. ಅವರ ಮಾತು ಕೆರೆಯ ಅಂಚಿಗೆ ಸರಿ. ನೀರು ತಳದಿಂದ ಮೇಲೇರುವ ಫಿಲ್ಟರಿನಲ್ಲಿ ಮಣ್ಣು ಅಂದರೆ ಗಂಟಲಿಗೆ ಬಟ್ಟೆ ತುರುಕಿದ ಹಾಗೆ. ಬಜೆ ಬರೀ ಜಲ್ಲಿಯಲ್ಲಿ ಚೆನ್ನಾಗಿಯೇ ಬರುತ್ತದೆ.

ಎರಡನೆಯ ಕಾರಣ, ಕರೆಂಟ್ ಉಳಿಸಲು ರಾತ್ರಿ ಪಂಪು ನಿಲ್ಲಿಸುವುದು. ಜಲ್ಲಿಯಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳಿಗೆ ಹೊತ್ತುಹೊತ್ತಿಗೆ ಆಮ್ಲಜನಕ ಬೇಕು. ಅವು ಮೀನಿನ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಿ ಗಿಡಕ್ಕೆ ಬಡಿಸುವ ಅಡುಗೆಯವರು. ಅಡುಗೆಯವರನ್ನು ರಾತ್ರಿಯಿಡೀ ಉಸಿರುಕಟ್ಟಿಸಿ ಬೆಳಿಗ್ಗೆ ಊಟ ಕೇಳಿದರೆ ಆದೀತೆ? ಏಳೆಂಟು ಗಂಟೆ ಕರೆಂಟ್ ಹೋಗಿದ್ದರೆ, ಮತ್ತೆ ಪಂಪು ಹಾಕಿದಾಗ ಫಿಲ್ಟರಿನಿಂದ ಬರುವ ಮೊದಲ ನಾಲ್ಕಾರು ಬಕೆಟ್ ನೀರನ್ನು ಕೊಳಕ್ಕೆ ಬಿಡಬೇಡಿ, ತೆಂಗಿನ ಬುಡಕ್ಕೆ ಬಿಡಿ. ಕಪ್ಪು ಕೆಸರು ಕಂಡ ಜಲ್ಲಿಯನ್ನು ಕೆದಕುವಾಗಲೂ ಇದೇ ಎಚ್ಚರ. ಆ ನೀರು ಮೀನಿಗೆ ವಿಷ.

ಪಂಪಿನ ಡಬ್ಬದ ಮೇಲಿನ ಅಂಕಿ ನಂಬಬೇಡಿ

20 ಲೀಟರಿನ ಬಕೆಟ್, ಮೊಬೈಲಿನ ಸ್ಟಾಪ್‌ವಾಚ್. ಫಿಲ್ಟರಿನಿಂದ ಕೊಳಕ್ಕೆ ಬೀಳುವ ನೀರಿಗೆ ಬಕೆಟ್ ಹಿಡಿದು ತುಂಬಲು ಎಷ್ಟು ಸೆಕೆಂಡು ಬೇಕು ನೋಡಿ. ಕೊಳದ ಪೂರ್ತಿ ನೀರು ಕೊನೇಪಕ್ಷ ಎರಡು ಗಂಟೆಗೊಮ್ಮೆ ಫಿಲ್ಟರ್ ಹಾಯಬೇಕು. ನಮ್ಮ ಲೆಕ್ಕಕ್ಕೆ ಗಂಟೆಗೆ 1,400 ಲೀಟರ್, ಅಂದರೆ ಬಕೆಟ್ ತುಂಬಲು ಸುಮಾರು 51 ಸೆಕೆಂಡು. ನಮ್ಮ ಬಕೆಟ್ ತುಂಬಿದ್ದು 2 ನಿಮಿಷ 40 ಸೆಕೆಂಡಿಗೆ! ಡಬ್ಬದ ಮೇಲೆ 2,000 ಲೀಟರ್ ಅಂತಿದ್ದ ಪಂಪು ಕೊಡುತ್ತಿದ್ದದ್ದು ಗಂಟೆಗೆ 450. ಡಬ್ಬದ ಅಂಕಿ ನೀರನ್ನು ಒಂದಿಂಚೂ ಮೇಲೆತ್ತದೆ ಇದ್ದಾಗಿನದು. ನಾಲ್ಕಡಿ ಎತ್ತಬೇಕಾದರೆ ಸಣ್ಣ ಪಂಪಿನ ಶಕ್ತಿ ಸಾಕಷ್ಟು ಕುಸಿಯುವುದು ಸಹಜ. ಇನ್ನೊಂದಷ್ಟನ್ನು ನುಂಗಿದ್ದು ಪಂಪಿನ ಬಾಯಿಯ ಸ್ಪಾಂಜು, ಪಾಚಿ ಮೆತ್ತಿಕೊಂಡು.

ಹರಿವು ಸಾಕಷ್ಟಿದ್ದರೂ ಎಲ್ಲ ಮೂಲೆಗೂ ಸಮನಾಗಿ ಹೋಗುತ್ತಿರಲಿಕ್ಕಿಲ್ಲ. ಪೈಪು ಒಳಬರುವ ತುದಿಯ ಗಿಡಗಳು ಆಳೆತ್ತರ, ಆಚೆ ತುದಿಯವು ಗೇಣುದ್ದ ಅಂದರೆ ಇದೇ ಕಥೆ. ಪರೀಕ್ಷೆಗೆ ಒಂದು ಲೋಟ ಬೀಟ್‌ರೂಟ್ ರಸ ಸಾಕು. ಪೈಪಿನ ಕೊನೆಯಲ್ಲಿ ತೊಳೆಯಲೆಂದು ಜಲ್ಲಿಯ ಮೇಲಕ್ಕೆ ಎದ್ದು ನಿಲ್ಲಿಸಿದ ಕೊಳವೆ ಇದ್ದರೆ, ಪಂಪು ನಿಲ್ಲಿಸಿ ಅದರಲ್ಲಿ ರಸ ಸುರಿದು, ಮುಚ್ಚಳ ಹಾಕಿ ಮತ್ತೆ ಪಂಪು ಹಚ್ಚಿ. ಕೆಂಪು ಎಲ್ಲಿ ಮೊದಲು ಏಳುತ್ತದೆ, ಎಲ್ಲಿ ಏಳುವುದೇ ಇಲ್ಲ ನೋಡಿ. ಏಳದ ಕಡೆ ತೂತು ಕಟ್ಟಿದೆ, ಬಹುಪಾಲು ಬೇರು ನುಗ್ಗಿ. ಕಾಬಾಳೆಯ ಬೇರು ಈ ವಿಷಯದಲ್ಲಿ ಮಹಾ ಕಳ್ಳ. ಆ ಕೊಳವೆಗೆ ಟ್ಯಾಂಕಿನ ಪೈಪು ತೂರಿಸಿ ಜೋರಾಗಿ ನೀರು ಹೊಡೆದರೆ ಸಾಮಾನ್ಯವಾಗಿ ಬಿಡಿಸುತ್ತದೆ. ಎದ್ದು ನಿಂತ ಕೊಳವೆಯನ್ನೇ ಇಡದೆ ಕಟ್ಟಿದ್ದರೆ, ಕ್ಷಮಿಸಿ, ಜಲ್ಲಿ ತೆಗೆಯಲೇಬೇಕು.

ನಮ್ಮ ಸ್ಪಾಂಜು ತೊಳೆದ ಮೇಲೆ ಬಕೆಟ್ ಒಂದು ನಿಮಿಷದೊಳಗೆ ತುಂಬತೊಡಗಿತು. ಹದಿನೈದು ದಿನ ಕಾದೆ. ಗಿಡ ಸ್ವಲ್ಪ ಚಿಗುರಿದವು, ಆದರೆ ಹೊಸ ಚಿಗುರೂ ಹಳದಿಯೇ. ಇಲ್ಲಿಂದ ಮುಂದೆ ನಿಜವಾದ ಪತ್ತೇದಾರಿ.

ಹಳದಿ ಅಂದರೆ ಸಾಲದು, ಯಾವ ಎಲೆ ಹಳದಿ?

ಗಿಡದೊಳಗೆ ಕೆಲವು ಪೋಷಕಾಂಶಗಳು ಓಡಾಡಬಲ್ಲವು, ಕೆಲವು ಕೂತಲ್ಲೇ ಕೂರುತ್ತವೆ. ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ಕಿತ್ತು ಸುಳಿಗೆ ಕಳಿಸುತ್ತದೆ. ಆದ್ದರಿಂದ ಬುಡದ ಎಲೆಗಳು ಮೊದಲು ಸೊರಗುತ್ತವೆ. ಕಬ್ಬಿಣ ಹಾಗಲ್ಲ. ಹಳೆಯ ಎಲೆಯಲ್ಲಿ ಕೂತದ್ದು ಏಳುವುದಿಲ್ಲ, ಹೊಸ ಎಲೆಗೆ ಹೊಸದೇ ಬೇಕು. ಸಿಗದಿದ್ದರೆ ಸುಳಿ ಎಲೆ ಬಿಳಿಚುತ್ತದೆ.

ಹಾಗಾಗಿ ಬುಡದ ಎಲೆ ಇಡಿಯಾಗಿ, ನರದ ಸಮೇತ, ಒಂದೇ ಸಮ ಹಳದಿಯಾಗಿದ್ದರೆ ಸಾರಜನಕದ ಹಸಿವು. ಬುಡದ ಎಲೆಯ ಅಂಚು ಮಾತ್ರ ಹಳದಿಯಾಗಿ ಆಮೇಲೆ ಸುಟ್ಟಂತೆ ಕಂದಾದರೆ ಪೊಟ್ಯಾಷ್. ಬುಡದ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಅಂದರೆ ಮೆಗ್ನೀಸಿಯಂ. ಗಡಸು ಬೋರ್‌ವೆಲ್ ನೀರಿನ ಊರುಗಳಲ್ಲಿ ಇದು ಅಪರೂಪ. ಸುಳಿ ಎಲೆಯಲ್ಲೇ ನರ ಹಸಿರು, ನಡುವೆ ಹಳದಿ, ಹೆಚ್ಚಾದರೆ ಪೂರಾ ಬಿಳಿ ಅಂದರೆ ಕಬ್ಬಿಣ. ನಮ್ಮ ಕಾಬಾಳೆಯ ಸುಳಿ ಎಲೆ ಹಸಿರು ಗೀಟು ಎಳೆದ ಹಳದಿ ಕಾಗದದ ಹಾಗಿತ್ತು.

ಸಾರಜನಕದ ಹಸಿವೋ ಅಲ್ಲವೋ ಅನ್ನುವುದನ್ನು ಎಲೆ ನೋಡಿ ಊಹಿಸುವ ಬದಲು ಅಳೆದೇ ಬಿಡಬಹುದು. ಅಕ್ವೇರಿಯಂ ಅಂಗಡಿಯ ಹನಿ ಹಾಕುವ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) ನಾಲ್ಕೂ ಸಿಗುತ್ತವೆ. ನೈಟ್ರೇಟ್ ಸೊನ್ನೆಗೆ ಹತ್ತಿರವಿದ್ದರೆ ಗಿಡಕ್ಕೆ ಊಟ ಸಾಲದು: ಮೀನು ಕಡಿಮೆ, ಗಿಡ ಹೆಚ್ಚು, ಅಥವಾ ಫಿಲ್ಟರ್ ಹೊಸದು. ಹೊಸ ಜಲ್ಲಿಯಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ಆರರಿಂದ ಎಂಟು ವಾರ ಬೇಕಾಗುತ್ತದೆ. ಅಲ್ಲಿಯವರೆಗೆ ಕಾಯುವುದೇ ಮದ್ದು. ನೈಟ್ರೇಟ್ ಲೀಟರಿಗೆ 20ರಿಂದ 40 ಮಿಲಿಗ್ರಾಂ ಇದ್ದೂ ಗಿಡ ಹಳದಿಯಾಗಿದ್ದರೆ ಊಟ ಇದೆ, ಇನ್ನೇನೋ ಇಲ್ಲ. ನಮ್ಮದು ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 40, ಪಿಎಚ್ 8.4.

ಈಗ ಆ ಯೂರಿಯಾ ವಿಚಾರ. ಯೂರಿಯಾ ನೀರಿನಲ್ಲಿ ಒಡೆದು ಅಮೋನಿಯಾ ಆಗುತ್ತದೆ. ಅಮೋನಿಯಾಕ್ಕೆ ನೀರಿನಲ್ಲಿ ಎರಡು ರೂಪ, ಒಂದು ಮೀನಿಗೆ ಅಷ್ಟೇನೂ ತೊಂದರೆ ಕೊಡದ್ದು, ಇನ್ನೊಂದು ಕಿವಿರು ಸುಡುವಂಥದ್ದು. 28 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷದ ರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ, ಪಿಎಚ್ 8.4 ಆದರೆ ನೂರಕ್ಕೆ ಸುಮಾರು 15 ಪಾಲು. ನಮ್ಮ ಕೊಳಕ್ಕೆ ಒಂದು ಹಿಡಿ ಯೂರಿಯಾ ಬಿದ್ದಿದ್ದರೆ ಎಂಟು ದಿನಕ್ಕೆ ಹಸಿರಾಗುತ್ತಿತ್ತೋ ಇಲ್ಲವೋ, ಎರಡು ದಿನಕ್ಕೆ ಮೀನು ಮೇಲೆ ತೇಲುತ್ತಿದ್ದವು. ಸಗಣಿ, ಜೀವಾಮೃತ, ಕಡಲೆಕಾಯಿ ಹಿಂಡಿಯ ನೀರು ಇವೂ ಬೇಡ. ತೋಟಕ್ಕೆ ಎಷ್ಟೇ ಒಳ್ಳೆಯದಿರಲಿ, ಕೊಳದಲ್ಲಿ ಕೊಳೆಯುವಾಗ ಮೀನಿನ ಆಮ್ಲಜನಕವನ್ನೇ ತಿನ್ನುತ್ತವೆ.

ಒಂದೇ ಎಲೆಗೆ ಬಳಿದು ನೋಡುವ ಪರೀಕ್ಷೆ

ಕಬ್ಬಿಣ ಅಂತ ಅನುಮಾನ ಬಂದರೆ ಖಾತ್ರಿ ಮಾಡಿಕೊಳ್ಳಲು ಹತ್ತು ರೂಪಾಯಿಯ ಉಪಾಯವಿದೆ. ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಗೊಬ್ಬರದಂಗಡಿಯಲ್ಲಿ ಸಿಗುತ್ತದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಕರಗಿಸಿ, ನಾಲ್ಕು ಹನಿ ನಿಂಬೆರಸ ಹಿಂಡಿ. ಹಳದಿಯಾದ ಒಂದು ಸುಳಿ ಎಲೆ ಆರಿಸಿ, ಅರ್ಧ ಭಾಗಕ್ಕೆ ಮಾತ್ರ ಈ ನೀರನ್ನು ಬಟ್ಟೆಯಲ್ಲಿ ಅದ್ದಿ ಒರೆಸಿ, ಸಂಜೆಯ ಹೊತ್ತು. ನಾಲ್ಕೈದು ದಿನದಲ್ಲಿ ಒರೆಸಿದ ಅರ್ಧ ಹಸಿರಾಗಿ ಉಳಿದರ್ಧ ಹಾಗೇ ಇದ್ದರೆ ತೀರ್ಪು ಬಂದಂತೆ. ಈ ಪರೀಕ್ಷೆಗೆ ಕಾಬಾಳೆಯನ್ನೇ ಆರಿಸಿ. ನಾನು ಜಾಣತನ ಮಾಡಿ ಮೊದಲು ಕೆಸುವಿಗೆ ಬಳಿದೆ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲುವುದಿಲ್ಲ ಅನ್ನುವುದನ್ನು ಪದ್ಯದಲ್ಲಿ ಓದಿದ್ದೆ, ಕೈಗೆ ಬಂದದ್ದು ಅವತ್ತು.

ಕಾಬಾಳೆಯ ಎಲೆ ಅರ್ಧ ಹಸಿರಾಯಿತು.

ಇನ್ನು ಕೇಳಬೇಕಾದ್ದು: ಕಬ್ಬಿಣ ಇಲ್ಲವೋ, ಇದ್ದೂ ಸಿಗುತ್ತಿಲ್ಲವೋ? ಎರಡೂ. ಮೀನಿನ ಆಹಾರದಿಂದ ನೀರಿಗೆ ಬರುವ ಕಬ್ಬಿಣವೇ ಕಡಿಮೆ. ಬಂದಷ್ಟೂ ಪಿಎಚ್ 8 ದಾಟಿದ ನೀರಿನಲ್ಲಿ ಬೇಗ ತುಕ್ಕಾಗಿ ತಳ ಸೇರುತ್ತದೆ, ಬೇರಿಗೆ ದಕ್ಕುವುದಿಲ್ಲ. ಇದೇ ಕಾರಣಕ್ಕೆ ತುಕ್ಕು ಹಿಡಿದ ಮೊಳೆ ಕಟ್ಟಿ ಹಾಕುವುದು, ಅನ್ನಭೇದಿಯನ್ನು ನೇರ ಕೊಳಕ್ಕೆ ಸುರಿಯುವುದು, ಎರಡೂ ವ್ಯರ್ಥ.

ಬಿಳಿ ಕಲ್ಲಿನ ಮೋಹ

ಪಿಎಚ್ 8.4ಕ್ಕೆ ಏರಿದ್ದು ಏಕೆ? ಬೋರ್‌ವೆಲ್ ನೀರು ಅಳೆದೆ, 7.6. ಮೀನು ಮತ್ತು ಬ್ಯಾಕ್ಟೀರಿಯಾ ಇರುವ ನೀರಿನಲ್ಲಿ ಪಿಎಚ್ ನಿಧಾನಕ್ಕೆ ಇಳಿಯಬೇಕು; ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಬೋರ್‌ವೆಲ್ ನೀರಿನೊಳಗಿನ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹಾರಿದಾಗ ಪಿಎಚ್ ಸ್ವಲ್ಪ ಏರುವುದು ನಿಜ, ಆದರೆ ತಿಂಗಳುಗಟ್ಟಲೆ ಅಲ್ಲೇ ಕದಲದೆ ಕೂತಿದ್ದರೆ ಯಾವುದೋ ಸುಣ್ಣ ಆ ಆಮ್ಲವನ್ನು ತಿನ್ನುತ್ತಿದೆ ಎಂದರ್ಥ.

ಉತ್ತರ ಕಣ್ಣೆದುರೇ ಇತ್ತು. ಚೆಂದ ಕಾಣಲಿ ಅಂತ ಜಲ್ಲಿಯ ಮೇಲೆ ಎರಡು ಚೀಲ ಬಿಳಿ ಕಲ್ಲು ಹರಡಿದ್ದೆ. ಒಂದು ಕಲ್ಲು ತೊಳೆದು ಒಣಗಿಸಿ ವಿನೆಗರ್ ಹಾಕಿದೆ. ಸಣ್ಣಗೆ ಗುಳ್ಳೆ ಎದ್ದವು. ಮಾರ್ಬಲ್ ಚೂರು, ಅಂದರೆ ಸುಣ್ಣದಕಲ್ಲಿನ ಬಂಧು. ಕೆಳಗಿನ ಬೂದು ಜಲ್ಲಿಗೆ ಹಾಕಿದೆ, ಏನೂ ಆಗಲಿಲ್ಲ, ಗ್ರಾನೈಟ್. ಜಲ್ಲಿ ತರುವ ಮುಂಚೆಯೇ ಈ ಹನಿ ಪರೀಕ್ಷೆ ಮಾಡಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು.

ಬಿಳಿ ಕಲ್ಲನ್ನು ಪೂರಾ ಬಾಚಿ ತೆಗೆದೆ (ಈಗ ಗೇಟಿನ ಹತ್ತಿರ ತುಳಸಿಕಟ್ಟೆಯ ಸುತ್ತ ಇದೆ, ಅಲ್ಲಿ ಯಾರಿಗೂ ತೊಂದರೆಯಿಲ್ಲ). ಆಮ್ಲ ಸುರಿದು ಪಿಎಚ್ ಇಳಿಸಲು ಹೋಗಬೇಡಿ, ಮೀನಿಗೆ ಏಟು, ಮಾರನೆಯ ದಿನ ಪಿಎಚ್ ಮತ್ತೆ ಮೇಲೆ. ಜೂನ್‌ನಲ್ಲಿ ಮಳೆ ಹಿಡಿದಾಗ ತಾರಸಿಯ ನೀರನ್ನು ಡ್ರಮ್ಮಿಗೆ ತುಂಬಿಸಿ, ವಾರಕ್ಕೊಮ್ಮೆ ಕೊಳದ ಕಾಲುಭಾಗ ನೀರು ಬದಲಿಸಿದೆ. ತಿಂಗಳೊಳಗೆ 7.7ಕ್ಕೆ ಬಂತು.

ಯಾವ ಕಬ್ಬಿಣ ಕೊಳ್ಳುವುದು

ಬೇಕಾದ್ದು ಚಿಲೇಟೆಡ್ ಕಬ್ಬಿಣ, ಅಂದರೆ ತುಕ್ಕಾಗದಂತೆ ಇನ್ನೊಂದು ರಾಸಾಯನಿಕ ಹಿಡಿದಿಟ್ಟುಕೊಂಡ ಕಬ್ಬಿಣ. ಅಂಗಡಿಯಲ್ಲಿ "ಚಿಲೇಟೆಡ್ ಕಬ್ಬಿಣ ಕೊಡಿ" ಅಂದರೆ ಸಾಮಾನ್ಯವಾಗಿ ಕೈಗಿಡುವುದು ಇಡಿಟಿಎ ಕಬ್ಬಿಣ, ಶೇ. 12ರದ್ದು. ಅದು ಪಿಎಚ್ ಆರೂವರೆಯ ಆಸುಪಾಸಿನವರೆಗೆ ಮಾತ್ರ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಡಿಟಿಪಿಎ ಏಳೂವರೆಯವರೆಗೆ. ಎಂಟರ ಆಸುಪಾಸಿನ ನೀರಿಗೆ ಇಡಿಡಿಎಚ್‌ಎ ಬೇಕು, ಅದರಲ್ಲಿ ಕಬ್ಬಿಣ ಶೇ. 6. ದುಬಾರಿ, ಆದರೆ ಕೆಲಸ ಮಾಡುವುದು ಅದೇ. ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣ ಗುರಿಯಾದರೆ, ಫಿಲ್ಟರಿನ ನೀರೂ ಸೇರಿ 3,000 ಲೀಟರಿಗೆ 6 ಗ್ರಾಂ ಕಬ್ಬಿಣ, ಅಂದರೆ ಪುಡಿ 100 ಗ್ರಾಂ. ಒಂದೇ ಸಲ ಹಾಕದೆ ವಾರದ ಅಂತರದಲ್ಲಿ ಮೂರು ಪಾಲು ಮಾಡಿ. ಕೊಳ ಪುನರ್ಪುಳಿ ಶರಬತ್ತಿನ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ, ಮೀನಿಗೆ ಅದರಿಂದ ಏನೂ ಆಗುವುದಿಲ್ಲ.

ಪೊಟ್ಯಾಷ್ ಕೊರತೆಯಾದರೆ 0-0-50 ಅಂತ ಬರೆದಿರುವ ಸಲ್ಫೇಟ್ ಆಫ್ ಪೊಟ್ಯಾಷ್, ಸಾವಿರ ಲೀಟರಿಗೆ 40 ಗ್ರಾಂ. ಒಲೆಬೂದಿ ಹಾಕಬೇಡಿ, ಪಿಎಚ್ ಮತ್ತೆ ಏರುತ್ತದೆ. ಲಘುಪೋಷಕಾಂಶ ಮಿಶ್ರಣದ ಪೊಟ್ಟಣ ಕೊಳ್ಳುವ ಮುಂಚೆ ಹಿಂಬದಿ ಓದಿ: ತಾಮ್ರ, ಸತುವು ಇರುತ್ತವೆ, ಮೀನಿಗೆ ಅವು ಆಗಿಬರುವುದಿಲ್ಲ. ಅಡಿಕೆಗೆ ಹೊಡೆದು ಉಳಿದ ಮೈಲುತುತ್ತವಂತೂ ಕೊಳದ ಹತ್ತಿರವೂ ಸುಳಿಯಬಾರದು.

ಕರಾವಳಿಯವರಿಗೆ ಕಥೆ ತಿರುಗುಮುರುಗು

ಮಂಗಳೂರು, ಉಡುಪಿ, ಮಲೆನಾಡಿನ ಕಡೆ ಜಂಬಿಟ್ಟಿಗೆ ಕಲ್ಲಿನ ಬಾವಿಯ ನೀರು ಮೃದು, ಮೊದಲೇ ಸ್ವಲ್ಪ ಹುಳಿ. ಅಲ್ಲಿ ಪಿಎಚ್ ಏರುವ ಬದಲು ಜಾರುತ್ತದೆ. ಆರಕ್ಕಿಂತ ಕೆಳಗಿಳಿದರೆ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ಕೆಲಸ ನಿಂತಂತೆಯೇ. ಕಿಟ್‌ನಲ್ಲಿ ಅಮೋನಿಯಾ ಕಾಣಿಸುತ್ತದೆ, ಮೆಗ್ನೀಸಿಯಂ, ಸುಣ್ಣ ಎರಡೂ ಕಡಿಮೆ. ಮಳೆಗಾಲದಲ್ಲಿ ಇನ್ನೂ ಜೋರು. ನಾನು ಕಿತ್ತೆಸೆದ ಬಿಳಿ ಕಲ್ಲು ಅಲ್ಲಿಯವರಿಗೆ ಮದ್ದು. ಅದಕ್ಕಿಂತ ಒಳ್ಳೆಯದು ಮೀನುಮಾರುಕಟ್ಟೆಯಿಂದ ತಂದ ಮರುವಾಯಿ ಚಿಪ್ಪು: ತೊಳೆದು, ಈರುಳ್ಳಿ ಚೀಲದಲ್ಲಿ ಕಟ್ಟಿ, ನೀರು ಬೀಳುವ ಕಡೆ ಮುಳುಗಿಸಿಡಿ. ಎಷ್ಟು ಬೇಕೋ ಅಷ್ಟೇ ಕರಗುತ್ತದೆ. ಪಿಎಚ್ ಏಳು ದಾಟಿದರೆ ಚೀಲ ಎತ್ತಿಬಿಡಬಹುದು.

ಉಪ್ಪು

ಅಂಚು ಸುಟ್ಟ ಎಲೆ ಕಂಡಾಗ ಪೊಟ್ಯಾಷ್ ಅನ್ನುವ ಮೊದಲು ಮನೆಯವರನ್ನೆಲ್ಲ ಕೇಳಿ: ಮೀನಿಗೆ ಕಾಯಿಲೆ ಬಂದಾಗ ಯಾರಾದರೂ ಕಲ್ಲುಪ್ಪು ಹಾಕಿದ್ದಿರಾ? ಸಾವಿರ ಲೀಟರಿಗೆ 3 ಕಿಲೋ ಹಾಕುವುದು ಮೀನು ಸಾಕುವವರಲ್ಲಿ ರೂಢಿಯ ಚಿಕಿತ್ಸೆ. ಮೀನು ಸುಧಾರಿಸುತ್ತದೆ, ಗಿಡ ಸುಟ್ಟುಹೋಗುತ್ತದೆ, ಒಂದೆಲಗ ಎಲ್ಲಕ್ಕಿಂತ ಮೊದಲು. ಉಪ್ಪು ಆವಿಯಾಗುವುದಿಲ್ಲ, ಗಿಡ ಅದನ್ನು ತಿಂದು ಮುಗಿಸುವುದೂ ಇಲ್ಲ. ಅರ್ಧ ನೀರು ಬದಲಿಸಿದರೆ ಅರ್ಧ ಹೋಗುತ್ತದೆ, ಅಷ್ಟೇ. ಕಾಯಿಲೆಯ ಮೀನಿಗೆ ಬೇರೆ ಟಬ್ಬಿನಲ್ಲಿ ಉಪಚಾರ ಮಾಡಿ.

ಉಪ್ಪು ಹಾಕದೆಯೂ ಉಪ್ಪೇರುತ್ತದೆ. ಏಪ್ರಿಲ್ ಬಿಸಿಲಿಗೆ ನಮ್ಮ ಕೊಳದಿಂದ ದಿನಕ್ಕೆ ಎರಡು ಕೊಡದಷ್ಟು ನೀರು ಆರಿಹೋಗುತ್ತದೆ, ಅಷ್ಟೇ ಬೋರ್‌ವೆಲ್ ನೀರು ತುಂಬಿಸುತ್ತೇವೆ. ಹೋಗುವುದು ಬರೀ ನೀರು, ಬರುವುದು ನೀರಿನ ಜೊತೆ ಲವಣ. ಬೇಸಿಗೆಯಲ್ಲಿ ಬರೀ ತುಂಬಿಸುವುದಲ್ಲ, ಹದಿನೈದು ದಿನಕ್ಕೊಮ್ಮೆ ಒಂದಷ್ಟು ಹೊರಹಾಕಿ ತುಂಬಿಸಿ. ಕಾರ್ಪೊರೇಷನ್ ನೀರಾದರೆ ಒಂದು ರಾತ್ರಿ ತೆರೆದ ಡ್ರಮ್ಮಿನಲ್ಲಿಟ್ಟು ಕ್ಲೋರಿನ್ ಹಾರಿಸಿಕೊಳ್ಳಿ.

ಚಿಲ್ಲರೆ ದೋಷಗಳು

ಎಲೆ ಹಸಿರಾಗಿಯೇ ಇದ್ದು ಗಿಡ ಮಾತ್ರ ಸಣಕಲಾಗಿ ಬಾಗಿದರೆ ಬಿಸಿಲು ಸಾಲದು. ಕಾಬಾಳೆಗೆ ಐದಾರು ಗಂಟೆ ನೇರ ಬಿಸಿಲು ಬೇಕು. ಮಾವಿನ ನೆರಳಾದರೆ ಕೆಸು, ಒಂದೆಲಗಕ್ಕೆ ಒಪ್ಪಿಸಿ. ಬುಡದ ಮೇಲೆ ನೀರು ನಿಂತು ಸುಳಿ ಕೊಳೆಯುತ್ತಿದ್ದರೆ ತುಳುಕುವ ಪೈಪು ಎರಡು ಬೆರಳು ತಗ್ಗಿಸಿ, ನೀರು ಜಲ್ಲಿಯ ಮೇಲ್ಮೈಗಿಂತ ತುಸು ಕೆಳಗಿರಲಿ. ಪುದೀನಕ್ಕೆ ಇದು ಕಡ್ಡಾಯ, ಬಜೆಗೆ ಲೆಕ್ಕಕ್ಕಿಲ್ಲ. ಸುಳಿಗೆ ಹೇನು ಹತ್ತಿದರೆ ಪೈಪಿನ ನೀರು ಜೋರಾಗಿ ಹೊಡೆದು ಕೊಳಕ್ಕೆ ಬೀಳಿಸಿ, ಮೀನು ತಿನ್ನುತ್ತವೆ. ಕೀಟನಾಶಕ ಬೇಡ, ಪೈರೆಥ್ರಾಯ್ಡ್ ಜಾತಿಯವು ಹನಿ ಲೆಕ್ಕದಲ್ಲೇ ಮೀನು ಕೊಲ್ಲುತ್ತವೆ.

ಏನೇ ಮಾಡಿದರೂ ಹಳೆಯ ಎಲೆ ನೋಡುತ್ತ ಕೂರಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅವತ್ತಿನ ಸುಳಿಯ ಕೆಳಗೆ ಒಂದು ಕೆಂಪು ದಾರ ಕಟ್ಟಿ, ಅದರ ಮೇಲೆ ಬರುವ ಎಲೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ನಮ್ಮಲ್ಲಿ ಇಡಿಡಿಎಚ್‌ಎ ಹಾಕಿದ ಮೇಲಿನ ಮೊದಲ ಎಲೆ ತಿಳಿಹಳದಿ, ಎರಡನೆಯದು ಗಿಳಿಹಸಿರು, ಮೂರನೆಯದು ಬಾಳೆಲೆಯ ಬಣ್ಣ. ಆಗಸ್ಟ್ ಹೊತ್ತಿಗೆ ಕಾಬಾಳೆ ಕಾಂಪೌಂಡಿಗಿಂತ ಎತ್ತರ ಹೋಗಿ, ಅದರ ಗೆಡ್ಡೆ ಮತ್ತೆ ಪೈಪಿನ ತೂತಿನ ಕಡೆ ಹೊರಟಿತ್ತು. ಬೀಟ್‌ರೂಟ್ ತಂದಿಟ್ಟಿದ್ದೇನೆ.